ಬೀಗ ಬದಲಾಯಿಸಿದೆ, ಕಳ್ಳ ಮನೆಯೊಳಗೇ ಇದ್ದ

ಹಾಸನಾಂಬೆ ಬಾಗಿಲು ತೆಗೆದ ವಾರ. ಹಾಸನದ ನಮ್ಮ ಮನೆ ತುಂಬಾ ನೆಂಟರು. ಬೆಳಿಗ್ಗೆ ಅರಸೀಕೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದರು. "ಮಗು ಹೇಗಿದ್ದಾನಮ್ಮಾ? ಕಳಿಸಿದ ದುಡ್ಡು ಸಾಕಾಯ್ತಾ?" ಅಂದರು. ಮಗ ನನ್ನ ಎದುರಿಗೇ ಕೂತು ಅವಲಕ್ಕಿ ತಿನ್ನುತ್ತಿದ್ದ.

ನನ್ನ ಫೇಸ್‌ಬುಕ್‌ನಿಂದ ಅವರಿಗೆ ಮೆಸೇಜ್ ಹೋಗಿತ್ತು. ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದೇವೆ, ಅರ್ಜೆಂಟಾಗಿ 8,000 ಹಾಕಿ ಅಂತ. ಮಗುವಿನ ವಿಷಯ ಅಂದರೆ ಚಿಕ್ಕಪ್ಪ ಹಿಂದೆ ಮುಂದೆ ನೋಡುವವರಲ್ಲ. ರಾತ್ರಿಯೇ ಹಾಕಿಬಿಟ್ಟಿದ್ದರು.

ಕೈಕಾಲು ನಡುಗಿತು. ತಕ್ಷಣ ಕಂಪ್ಯೂಟರ್ ಮುಂದೆ ಕೂತು ಫೇಸ್‌ಬುಕ್, ಇಮೇಲ್ ಎರಡರ ಪಾಸ್‌ವರ್ಡ್ ಬದಲಾಯಿಸಿದೆ. ಮುಗೀತು ಅಂದುಕೊಂಡೆ. ಮಾರನೇ ದಿನ ಅತ್ತಿಗೆಗೂ ಅದೇ ಮೆಸೇಜ್ ಬಂತು. ನೀವು ಈ ತಪ್ಪು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಸ್ಪೈವೇರ್, ಅಂದರೆ ಗುಟ್ಟಾಗಿ ನಮ್ಮ ಮಾಹಿತಿ ಕದಿಯುವ ಪ್ರೋಗ್ರಾಂ, ಕೂತಿದ್ದದ್ದು ಅದೇ ಕಂಪ್ಯೂಟರಿನಲ್ಲಿ. ನಾನು ಒತ್ತಿದ ಹೊಸ ಪಾಸ್‌ವರ್ಡಿನ ಒಂದೊಂದು ಅಕ್ಷರವೂ ನೇರವಾಗಿ ಕಳ್ಳರ ಕೈಗೇ ಹೋಗಿತ್ತು.

ಅದು ಬಂದದ್ದು ಹೇಗೆ ಅಂದರೆ, ನಾನು ಮನೆಯಲ್ಲೇ ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಮಾಡಿಕೊಡುತ್ತೇನೆ. ಮೂರು ವಾರದ ಹಿಂದೆ ಒಂದು ಪಿಡಿಎಫ್ ತಿದ್ದಬೇಕಿತ್ತು. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡಿಲ್ಲದೆ ಓಡುವ ಹಾಗೆ ಮಾಡಿದ ಕಳ್ಳ ಪ್ರತಿ, ಯಾವುದೋ ಸೈಟಿನಲ್ಲಿ ಸಿಕ್ಕಿತು. ಜಿಪ್ ಫೈಲ್, ತೆರೆಯೋಕೆ ಪಾಸ್‌ವರ್ಡ್ 1234. ಒಳಗೊಂದು ಟೆಕ್ಸ್ಟ್ ಫೈಲ್. ಅದರಲ್ಲಿ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ" ಅಂತಿತ್ತು. ಮಾಡಿದೆ. ಜಿಪ್‌ಗೆ ಪಾಸ್‌ವರ್ಡ್ ಯಾಕೆ ಅಂತ ಆಗ ಯೋಚಿಸಲಿಲ್ಲ. ಹಾಗೆ ಬೀಗ ಹಾಕಿದ ಫೈಲಿನೊಳಗೆ ಏನಿದೆ ಅಂತ ಆಂಟಿವೈರಸ್‌ಗೆ ಕಾಣುವುದಿಲ್ಲ, ಅದಕ್ಕೇ ಹಾಕಿರುತ್ತಾರೆ.

ಕಂಪ್ಯೂಟರ್ ನಿಧಾನವಾಗಲಿಲ್ಲ. ಜಾಹೀರಾತು ಮೇಲೆದ್ದು ಬರಲಿಲ್ಲ. ಎಲ್ಲ ಮೊದಲಿನ ಹಾಗೇ ಇತ್ತು, ಅದೇ ಭಯ ಆಗುವ ವಿಷಯ ಅಲ್ವಾ?

ನನ್ನ ಇಮೇಲ್‌ಗೆ ಒಟಿಪಿ ಕೂಡ ಇತ್ತು. ಆದರೂ ಒಳಗೆ ಹೋದರು. ನಾವು ಒಮ್ಮೆ ಲಾಗಿನ್ ಆದಮೇಲೆ ಬ್ರೌಸರ್ ಕುಕೀ ಅನ್ನುವ ಒಂದು ಸಣ್ಣ ಗುರುತು ಇಟ್ಟುಕೊಳ್ಳುತ್ತದೆ, ಪ್ರತಿ ಸಲ ಪಾಸ್‌ವರ್ಡ್ ಕೇಳಬಾರದು ಅಂತ. ಅದನ್ನೇ ಕದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳಂತೂ ಒಟ್ಟಿಗೇ ಹೋಗುತ್ತವೆ.

ಪಕ್ಕದ ಮನೆಯ ಹುಡುಗ ಕಂಪ್ಯೂಟರ್ ಕೆಲಸ ಬಲ್ಲವನು. ಬಂದವನೇ ಮೊದಲು ನೆಟ್ ಕೇಬಲ್ ಕಿತ್ತ. "ಅಕ್ಕಾ, ಇದನ್ನ ಮುಟ್ಟಬೇಡಿ, ಪಾಸ್‌ವರ್ಡ್ ಎಲ್ಲ ನಿಮ್ಮ ಫೋನಿಂದ ಬದಲಾಯಿಸಿ" ಅಂದ. ಎಲ್ಲ ಡಿವೈಸ್‌ಗಳಿಂದಲೂ ಲಾಗೌಟ್ ಮಾಡಿಸಿದ. ಆಮೇಲೆ ಇಮೇಲ್ ಸೆಟ್ಟಿಂಗ್ಸ್ ತೆಗೆದು ಫಿಲ್ಟರ್ ತೋರಿಸಿದ. ನಾನು ಹಾಕದ ಒಂದು ಫಿಲ್ಟರ್ ಅಲ್ಲಿತ್ತು. ಫೇಸ್‌ಬುಕ್‌ನಿಂದ ಬರುವ ಮೇಲ್ ಎಲ್ಲ ಸೀದಾ ಟ್ರ್ಯಾಶ್‌ಗೆ. ಹೊಸ ಲಾಗಿನ್ ಆಗಿದೆ ಅಂತ ಬಂದ ಎಚ್ಚರಿಕೆಗಳು ಅಲ್ಲೇ ಬಿದ್ದಿದ್ದವು, ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವಿಂಡೋಸ್ ಸೆಕ್ಯುರಿಟಿಯಲ್ಲೇ ಆಫ್‌ಲೈನ್ ಸ್ಕ್ಯಾನ್ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಸುಮಾರು ಕಾಲು ಗಂಟೆ ಓಡುತ್ತದೆ. ಅದರಲ್ಲಿ ಸಿಕ್ಕಿಬಿತ್ತು. ಆದರೂ ಅಷ್ಟಕ್ಕೇ ನಂಬಿ ಕೂರಲು ಮನಸ್ಸು ಬರಲಿಲ್ಲ. ಫೋಟೋ, ಡಾಕ್ಯುಮೆಂಟ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದೆ. ಹಳೆಯ ಸೆಟಪ್ ಫೈಲ್ ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಸೈಬರ್ ವಂಚನೆಯ ದೂರು ಕೊಡುವ ಸಹಾಯವಾಣಿ 1930ಕ್ಕೆ ಚಿಕ್ಕಪ್ಪನಿಂದಲೇ ಫೋನ್ ಮಾಡಿಸಿದೆವು, ದುಡ್ಡು ಹೋದದ್ದು ಅವರ ಖಾತೆಯಿಂದ ಅಲ್ವಾ. ದೂರು ತಗೊಂಡರು. ಆದರೆ ಗಾಬರಿಯಲ್ಲಿ ನಾವು ಒಂದೂವರೆ ದಿನ ಸುಮ್ನೆ ಕಳೆದಿದ್ದೆವು. ಬೇಗ ತಿಳಿಸಿದಷ್ಟೂ ಬ್ಯಾಂಕಿನವರು ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಮ್ಮದು ಇನ್ನೂ ಬಂದಿಲ್ಲ. ನಾನು ಕೊಡಲು ಹೋದರೆ ಚಿಕ್ಕಪ್ಪ ತಗೊಳ್ಳುತ್ತಿಲ್ಲ.

ಆ ಪಿಡಿಎಫ್‌ನಲ್ಲಿ ತಿದ್ದಬೇಕಿದ್ದದ್ದು ಮುಹೂರ್ತದ ತಾರೀಖು ಒಂದೇ. ಈಗ ಅಂಥ ಕೆಲಸವನ್ನು ಲಿಬ್ರೆಆಫೀಸ್ ಡ್ರಾದಲ್ಲಿ ಮಾಡುತ್ತೇನೆ. ಅದಕ್ಕೆ ದುಡ್ಡಿಲ್ಲ, ಅವರದೇ ಸೈಟಿನಿಂದ ಇಳಿಸಿಕೊಂಡೆ.