ಆನ್‌ಲೈನ್ ಸೆಂಟರಿನ ಫೈಬರ್ ನೆಟ್: ಓಟ ಚೆನ್ನ, ಬಿಡಿಸಿಕೊಳ್ಳುವುದು ಕಷ್ಟ

ಸಿಂಧನೂರಿನಲ್ಲಿ ನಮ್ಮದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ–ಆದಾಯ ಪ್ರಮಾಣಪತ್ರದ ಅರ್ಜಿ, ಬೆಳೆ ವಿಮೆ, ಸ್ಕಾಲರ್‌ಶಿಪ್, ಹಾಲ್ ಟಿಕೆಟ್, ಝೆರಾಕ್ಸ್. ನೆಟ್ ಹೋದರೆ ಅಂಗಡಿ ತೆರೆದಿದ್ದೂ ಮುಚ್ಚಿದಂತೆಯೇ. ಕೋವಿಡ್ ಹಿಂದೆ ಸರಿಯುತ್ತಿದ್ದಾಗ ಹಾಕಿಸಿದ ಫೈಬರ್ ಕನೆಕ್ಷನ್ ಇವತ್ತಿಗೂ ಅದೇ ನಡೆದಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಬಹುಪಾಲು ಮಾತು ಯಾರ ಫೈಬರ್ ಹಾಕಿಸಿದರೂ ಕೆಲಸಕ್ಕೆ ಬರುತ್ತದೆ.

ವೇಗದ ಬಗ್ಗೆ ದೂರೇ ಇಲ್ಲ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಪ್ಲಾನ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತದೆ, ಬೆಳಗಿನ ಹೊತ್ತು ಅದರ ಹತ್ತಿರಕ್ಕೆ ಬರುತ್ತದೆ. ನಮ್ಮ ಕಸುಬಿಗೆ ಇಳಿಸುವುದಕ್ಕಿಂತ ಏರಿಸುವುದು ಮುಖ್ಯ. ಸ್ಕ್ಯಾನ್ ಮಾಡಿದ ದಾಖಲೆ, ಫೋಟೊ, ಬೆರಳ ಗುರುತು ಎಲ್ಲ ಇಲ್ಲಿಂದ ಮೇಲೆ ಹೋಗಬೇಕು. ಡಾಂಗಲ್ ಇದ್ದ ಕಾಲದಲ್ಲಿ ಅದಕ್ಕೇ ಒದ್ದಾಟ. ಫೈಬರ್ ಬಂದಮೇಲೆ ಆ ಕಷ್ಟ ಪೂರ್ತಿ ಹೋಯಿತು. ಬೆಳೆ ವಿಮೆಯ ಕೊನೆಯ ದಿನ ಪುಟ ತೆರೆಯದೆ ಸುತ್ತುತ್ತಲೇ ಇದ್ದರೆ ರೈತರು ನಮ್ಮ ನೆಟ್ಟನ್ನೇ ಬೈಯುತ್ತಾರೆ. ಅವತ್ತು ಎಲ್ಲರೂ ಒಮ್ಮೆಲೇ ನುಗ್ಗಿ ಆ ಕಡೆಯ ಸರ್ವರ್ ಜಾಮ್ ಆಗಿರುತ್ತದೆ. ಅದಕ್ಕೆ ದೊಡ್ಡ ಪ್ಲಾನ್ ಹಾಕಿಸಿಕೊಂಡರೂ ಪ್ರಯೋಜನವಿಲ್ಲ. ದರ ಕೇಳುವಾಗ ಜಿಎಸ್‌ಟಿ ಸೇರಿಸಿ ಕೇಳಿ. 499 ಅಂದದ್ದು ಶೇ 18 ಸೇರಿ 589 ಆಗುತ್ತದೆ.

ಕಡಿತದ ವಿಷಯಕ್ಕೆ ಬರೋಣ. ನಮ್ಮಲ್ಲಿ ಫೈಬರಿಗೆ ದೊಡ್ಡ ಗಂಡಾಂತರ ಮಳೆಯಲ್ಲ, ಭತ್ತದ ಹುಲ್ಲು. ಕೊಯ್ಲು ಮುಗಿದಮೇಲೆ ಟ್ರ್ಯಾಕ್ಟರ್ ಮೇಲೆ ಎರಡಾಳೆತ್ತರ ಹುಲ್ಲು ಒಟ್ಟಿಕೊಂಡು ಹೊರಟರೆ ಕಂಬದಿಂದ ಕಂಬಕ್ಕೆ ಜೋತುಬಿದ್ದ ವೈರ್ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂಗಡಿಯೊಳಗೆ ಕಂಪನಿ ಇಟ್ಟ ಫೈಬರ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ. ಲೈನಿನ ಹುಡುಗನಿಗೆ ಫೋನ್ ಹಚ್ಚಿದರೆ ಒಂದೇ ಉತ್ತರ: "ಅಣ್ಣಾರ, ಹುಲ್ಲಿನ ಗಾಡಿ ವೈರ್ ಹರ್ಕೊಂಡು ಹೋಗೈತ್ರಿ, ಮಷಿನ್ ತರ್ತೀನಿ." ತಾಮ್ರದ ತಂತಿಯಾಗಿದ್ದರೆ ತಿರುಚಿ ಟೇಪು ಸುತ್ತಬಹುದಿತ್ತು. ಇದು ಕೂದಲೆಳೆಯಷ್ಟು ಸಣ್ಣ ಗಾಜು, ಸ್ಪ್ಲೈಸಿಂಗ್ ಮಷಿನ್ನಿನ ಕಿಡಿಯಲ್ಲಿ ಕರಗಿಸಿಯೇ ಬೆಸೆಯಬೇಕು. ಬೆಸೆದಮೇಲೆ ಬೆಳಕು ಎಷ್ಟು ಬರುತ್ತಿದೆ ಎಂದು ಮೀಟರ್ ಹಚ್ಚಿ ತೋರಿಸು ಅನ್ನಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಇದ್ದರೆ ನಿಶ್ಚಿಂತೆ, ಮೈನಸ್ 27ರ ಹತ್ತಿರ ಹೋಗಿದ್ದರೆ ಬೆಸುಗೆ ಸರಿಯಾಗಿಲ್ಲ ಎಂದೇ ಲೆಕ್ಕ, ಮತ್ತೆ ಕೆಂಪು ದೀಪ ಬರಬಹುದು. ಆ ಹುಡುಗ ಮೇ ತಿಂಗಳ ಬಿಸಿಲಲ್ಲೂ ಏಣಿ ಹೊತ್ತು ಬಂದಿದ್ದಾನೆ. ಈ ಸೇವೆಗೆ ನಾನು ಕೊಡುವ ಅಂಕದಲ್ಲಿ ದೊಡ್ಡ ಪಾಲು ಅವನದು. ಕರೆಂಟ್ ಹೋದಾಗಿನ ತೊಂದರೆಗೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು.

ನನಗೆ ಸಿಟ್ಟು ಬಂದದ್ದು ಲ್ಯಾಂಡ್‌ಲೈನ್ ನಂಬರಿನ ವಿಷಯದಲ್ಲಿ. ಕನೆಕ್ಷನ್ ಜೊತೆ ಪುಕ್ಕಟೆ ಎಂದು ಕೊಟ್ಟರು. ಅಂಗಡಿಯ ಬೋರ್ಡು, ಬಿಲ್ ಬುಕ್ಕು, ಹಳ್ಳಿಯವರ ಫೋನುಗಳು, ಎಲ್ಲ ಕಡೆ ಆ ನಂಬರ್ ಸೇರಿತು. ಆಮೇಲೆ ಊರಿಗೆ ಇನ್ನೊಂದು ಕಂಪನಿ ಕಡಿಮೆ ದರದಲ್ಲಿ ಬಂದಾಗ ಬದಲಾಯಿಸೋಣವೆಂದು ವಿಚಾರಿಸಿದೆ. ನಂಬರ್ ಬರುವುದಿಲ್ಲ ಎಂದರು. ಮೊಬೈಲಿಗೆ ಈ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. 1900ಕ್ಕೆ ಮೆಸೇಜ್ ಕಳಿಸಿ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಬಹುದು. ಲ್ಯಾಂಡ್‌ಲೈನಿಗೆ ಆ ದಾರಿ ಇಲ್ಲ. ಫೈಬರ್ ಬಿಟ್ಟರೆ ನಂಬರೂ ಬಿಟ್ಟಂತೆ. ಜನ ನಮ್ಮನ್ನು ಹುಡುಕಿಕೊಂಡು ಬರುವುದೇ ಆ ನಂಬರಿನಿಂದ. ಅದು ಕಂಪನಿಯ ಕೈಯಲ್ಲಿದ್ದರೆ ದರ ಏರಿಸಿದಾಗ ನಾವು ಬಾಯಿ ಬಿಡುವುದಾದರೂ ಹೇಗೆ? ಈಗ ಬೋರ್ಡಿಗೆ ಮೊಬೈಲ್ ನಂಬರ್ ಬರೆಸಿದ್ದೇನೆ. ಹೊಸದಾಗಿ ಅಂಗಡಿ ಇಡುವವರು ಮೊದಲೇ ಹಾಗೆ ಮಾಡಿ.

ಕಂಪನಿ ಕೊಡುವ ಪೆಟ್ಟಿಗೆಯದೂ ಅದೇ ಕಥೆ. ಅದರ ಸೆಟ್ಟಿಂಗಿನ ಪಾಸ್‌ವರ್ಡ್ ನಮಗೆ ಕೊಡುವುದಿಲ್ಲ, ಬಿಡುವಾಗ ಪೆಟ್ಟಿಗೆ ವಾಪಸ್ ಕೊಡಬೇಕು, ಕೊಳ್ಳುತ್ತೇನೆಂದರೂ ಫೈಬರ್ ಜಾಲದಲ್ಲಿ ಜಿಪಾನ್, ಇಪಾನ್ ಎಂದು ಬೇರೆ ಬೇರೆ ಬಗೆ, ಜಿಪಾನ್ ಪೆಟ್ಟಿಗೆ ಇಪಾನ್ ಜಾಲದಲ್ಲಿ ನಡೆಯುವುದಿಲ್ಲ. ನಾನು ಕಂಡುಕೊಂಡ ಉಪಾಯ: ಅದರ ವೈಫೈ ಆಫ್ ಮಾಡಿಸಿ, ಹಿಂದೆ ನಮ್ಮದೇ ರೌಟರ್ ಜೋಡಿಸುವುದು. ವೈಫೈ ಹೆಸರು, ಪಾಸ್‌ವರ್ಡ್ ನಮ್ಮವು. ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರುಗಳೆಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ನಾಳೆ ಕಂಪನಿ ಬದಲಾದರೆ ಒಂದು ಕೇಬಲ್ ಕಿತ್ತು ಹೊಸ ಪೆಟ್ಟಿಗೆಗೆ ಚುಚ್ಚಿದರೆ ಮುಗಿಯಿತು. ಒಳ್ಳೆಯ ರೌಟರಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಸಾರ್ಥಕ.

ವರ್ಷದ ಪ್ಲಾನ್ ಕಟ್ಟಿದರೆ ರಿಯಾಯಿತಿ, ಸಿನಿಮಾ ಆಪ್‌ಗಳೂ ಜೊತೆಗೆ. ಮನೆಮಂದಿ ಆ ಆಪ್‌ಗಳಿಗೆ ಒಗ್ಗಿಕೊಂಡಮೇಲೆ ಕನೆಕ್ಷನ್ ಬಿಡೋಣ ಅಂದರೆ ಮೊದಲು ಬೇಡ ಅನ್ನುವವರು ಅವರೇ. ಮೂರು ತಿಂಗಳಿಗೊಮ್ಮೆ ಕಟ್ಟುವುದು ಸ್ವಲ್ಪ ದುಬಾರಿಯಾದರೂ ನನಗೆ ಅದೇ ಒಗ್ಗಿದೆ. ಲೈನ್ ದುರಸ್ತಿಗೆ ಸತಾಯಿಸಿದರೆ ಅವಧಿ ಮುಗಿಯುತ್ತಲೇ ಎದ್ದುಬರಬಹುದು.

ದೂರು ಕೊಟ್ಟಾಗ ಡಾಕೆಟ್ ನಂಬರ್ (ಕಂಪನಿ ಕೊಡುವ ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದ ಪ್ರಕಾರ ಕಾಲ್ ಸೆಂಟರಿನಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು, ಆದರೆ ಡಾಕೆಟ್ ನಂಬರ್ ಬೇಕು. ಲೈನ್ ಹುಡುಗನ ವಾಟ್ಸಾಪ್ಪಿಗೆ ಹಾಕಿದ ಮೆಸೇಜು ಬೇಗ ಕೆಲಸ ಮಾಡಿಸುತ್ತದೆ, ನಿಜ, ಆದರೆ ದೂರಿನ ಲೆಕ್ಕಕ್ಕೆ ಬರುವುದಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಾಕಿಸುವವರು ಪೆಟ್ಟಿಗೆಗೆ ಡೆಪಾಸಿಟ್ ಕಟ್ಟಿದ್ದರೆ ರಸೀದಿ ಇಸಿದುಕೊಳ್ಳಿ, ಪೆಟ್ಟಿಗೆಯ ತಳದ ಸೀರಿಯಲ್ ನಂಬರಿನ ಫೋಟೊ ತೆಗೆದಿಡಿ. ವಾಪಸ್ ಕೊಡುವ ದಿನ ಅಡಾಪ್ಟರನ್ನೂ ಕೇಳುತ್ತಾರೆ, ಎಸೆಯಬೇಡಿ.