ಪದ್ಮಿನಿ ಕಾರಿನ ಸೀಟು ಎತ್ತರಿಸಲು ಮೂರು ದಾರಿ: ದಿಂಬು, ಕಬ್ಬಿಣದ ಬ್ಲಾಕು, ಸ್ಪ್ರಿಂಗು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಹಳೇ ಸೀಟನ್ನೇ ಬಿಚ್ಚಿಸಿ ಸ್ಪ್ರಿಂಗ್ ಸರಿಮಾಡಿಸಿದ್ದು. ಅಷ್ಟು ಹೊತ್ತಿಗೆ ದಿಂಬಿಗೂ ಲೇತ್ ಅಂಗಡಿಗೂ ದುಡ್ಡು ಹೋಗಿತ್ತು. ಎತ್ತರ ಕಡಿಮೆ ಇದ್ದು ಹಳೇ ಗಾಡಿ ಓಡಿಸುವ ಆಸೆ ಇರುವವರು ನನ್ನ ಹಾಗೆ ಸುತ್ತು ಹಾಕದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಅಪ್ಪನದು, 1982ರ ಪ್ರೀಮಿಯರ್ ಪದ್ಮಿನಿ. ಗೇರು ಸ್ಟೀರಿಂಗ್ ಪಕ್ಕದಲ್ಲೇ. ಮುಂದೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ ಸೀಟು. ನಾನು 4 ಅಡಿ 10 ಇಂಚು. ಸುಮ್ನೆ ಕೂತರೆ ಸ್ಟೀರಿಂಗ್ ಚಕ್ರದ ಮೇಲಂಚು ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತಿತ್ತು. ಈಗಿನ ಎಷ್ಟೋ ಕಾರುಗಳಲ್ಲಿ ಸೀಟಿನ ಪಕ್ಕದ ಲಿವರ್ ನಾಲ್ಕು ಸಲ ಎಳೆದರೆ ಸೀಟು ಮೇಲೆ ಬರುತ್ತದೆ. ಇದರಲ್ಲಿ ಹಿಂದೆ ಮುಂದೆ ಜಾರಿಸಬಹುದು, ಅಷ್ಟೇ.

ಮೊದಲು ತಂದಿದ್ದು 850 ರೂಪಾಯಿಯ ಫೋಮ್ ದಿಂಬು, 3 ಇಂಚು ದಪ್ಪದ್ದು. ಕೂತ ತಕ್ಷಣ ಬಾನೆಟ್ಟಿನ ತುದಿ ಕಾಣಿಸಿತು, ತುಂಬಾ ಖುಷಿಯಾಯಿತು. ಗೇಟು ದಾಟುವಷ್ಟರಲ್ಲಿ ತೊಂದರೆ ಗೊತ್ತಾಯಿತು. ಕಣ್ಣಿಗೆ ರಸ್ತೆ ಸಿಕ್ಕಿತ್ತು, ಕಾಲಿಗೆ ಕ್ಲಚ್ ತಪ್ಪಿತ್ತು. ಸೀಟು ಮೇಲೆ ಹೋದರೆ ಪೆಡಲ್ ದೂರವಾಗುತ್ತದೆ ಅಲ್ವಾ, ಅದು ನನಗೆ ಹೊಳೆದೇ ಇರಲಿಲ್ಲ. ಕ್ಲಚ್ಚನ್ನು ತಳದವರೆಗೆ ಒತ್ತಬೇಕಾದರೆ ಸೊಂಟ ಮುಂದೆ ತಳ್ಳಬೇಕು, ರೆಕ್ಸಿನ್ ಮೇಲೆ ಸೊಂಟದ ಜೊತೆ ದಿಂಬೂ ಜಾರುತ್ತಿತ್ತು. ಚಾಮುಂಡಿ ಬೆಟ್ಟ ಹತ್ತುವಾಗ ಒಂದು ತಿರುವಿನಲ್ಲಿ ಸೆಕೆಂಡ್ ಗೇರಿಗೆ ಹಾಕಲು ಹೋದೆ, ಕ್ಲಚ್ ಪೂರ್ತಿ ಇಳಿಯಲಿಲ್ಲ, ಗೇರು ಗರ್ರ್ ಅಂತ ಕೂಗಿತು, ಹಿಂದೆ ಬಸ್ಸು ಬೇರೆ. ಅವತ್ತು ನಿಜವಾಗಿ ಹೆದರಿದೆ.

ಹಾಗಾದರೆ ಸೀಟನ್ನೇ ಮುಂದೆ ತಂದರೆ ಆಯಿತು ಅನ್ನಬಹುದು. ತಂದೆ. ಆದರೆ ಒಂದೇ ಸೀಟು ನೋಡಿ, ನಾನು ಮುಂದೆ ಬಂದರೆ ಪಕ್ಕದಲ್ಲಿ ಕೂತವರೂ ಬರಬೇಕು. ನಮ್ಮ ಮನೆಯವರು 5 ಅಡಿ 11 ಇಂಚು, ಅವರ ಮಂಡಿ ಡ್ಯಾಶ್‌ಬೋರ್ಡಿಗೆ ತಗುಲಿಕೊಂಡಿತು. ನಂಜನಗೂಡಿನವರೆಗೆ ಕಾಲು ಓರೆ ಮಾಡಿಕೊಂಡೇ ಕೂತಿದ್ದರು, ಬಾಯಿಬಿಟ್ಟು ಏನೂ ಹೇಳಲಿಲ್ಲ. ಇನ್ನೊಂದು ಕಡೆ ಸ್ಟೀರಿಂಗ್ ನನ್ನ ಎದೆಗೆ ತೀರಾ ಹತ್ತಿರ. ಈ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎದೆಗೂ ಚಕ್ರಕ್ಕೂ ನಡುವೆ ಒಂದು ದೊಡ್ಡ ಗೇಣಾದರೂ ಇರಲೇಬೇಕು. ಕೂತು ಅಳೆದು ನೋಡಿ, ಅರ್ಧ ಗೇಣು ಇದ್ದರೆ ದಯವಿಟ್ಟು ಓಡಿಸಬೇಡಿ.

ಆಮೇಲೆ ಲೇತ್ ಅಂಗಡಿ. ಸೀಟಿನ ರೈಲ್ ಕೆಳಗೆ ಕೊಡಲು ನಾಲ್ಕು ಕಬ್ಬಿಣದ ಬ್ಲಾಕು, ಉದ್ದದ ಹೈ ಟೆನ್ಸೈಲ್ ಬೋಲ್ಟು, ಅಗಲ ವಾಷರ್, ಎಲ್ಲಾ ಸೇರಿ 1,800 ರೂಪಾಯಿ. ಮರದ ತುಂಡು ಕೊಟ್ಟರೂ ನಡೆಯುತ್ತದೆ ಅಂತ ಒಬ್ಬರು ಹೇಳಿದ್ದರು, ಅದು ಬೇಡವೇ ಬೇಡ, ಮರ ಅದುಮಿಕೊಂಡು ಬೋಲ್ಟು ಸಡಿಲವಾಗುತ್ತದೆ. ಬ್ಲಾಕಿನಲ್ಲಿ ಸೀಟು ಒಂದಿಷ್ಟೂ ಅಲ್ಲಾಡಲಿಲ್ಲ, ಅದು ಒಳ್ಳೆಯದೇ. ಆದರೆ ಇಲ್ಲೂ ಉದ್ದ ಸೀಟು ಪೂರ್ತಿ ಮೇಲೆ ಹೋಯಿತು, ಮನೆಯವರ ತಲೆ ಛಾವಣಿಗೆ ಮುಟ್ಟಿತು. ಪೆಡಲ್ ದೂರ ಹಾಗೇ ಉಳಿಯಿತು. ತಿಂಗಳಲ್ಲಿ ಬಿಚ್ಚಿಸಿದೆ. ಒಬ್ಬರೇ ಓಡಿಸುವ ಗಾಡಿಯಾದರೆ ಸರಿಹೋಗಬಹುದು.

ಬೇರೆ ಕಾರಿನ ಬಕೆಟ್ ಸೀಟು, ಅಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಇರುವ ಸೀಟು, ಹಾಕಿಸಲು ಮನಸ್ಸು ಒಪ್ಪಲಿಲ್ಲ, ಅದಕ್ಕೆ ನೆಲಕ್ಕೆ ಹೊಸ ತೂತು ಕೊರೆಯಬೇಕು. ಪೆಡಲ್ ಮೇಲೆ ಬ್ಲಾಕು ಕೂರಿಸುವುದು ನಮ್ಮ ಮನೆಗೆ ಆಗದ ಮಾತು, ಇಬ್ಬರೂ ಓಡಿಸುತ್ತೇವೆ.

ಕೊನೆಗೆ ಸೀಟು ಹೊಲಿಯುವ ಮೇಸ್ತ್ರಿ ಒಬ್ಬರ ಹತ್ತಿರ ಹೋದೆ. ಅವರು ಫೋಮ್ ವಿಷಯ ಮಾತೇ ಆಡಲಿಲ್ಲ. ಸೀಟಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿಯಾಗಿ ಹಿಡಿಸಿದರು. ಡ್ರೈವರ್ ಕಡೆ ದಾರದ ಕೆಳಗೆ ನನ್ನ ಮೂರು ಬೆರಳು ಹೋದವು, ಆ ಕಡೆ ಒಂದೇ ಬೆರಳು. "ನಿಮ್ಮ ಎತ್ತರದ್ದೊಂದೇ ಅಲ್ಲ ಮೇಡಂ, ಸ್ಪ್ರಿಂಗ್ ಕೂತುಬಿಟ್ಟಿದೆ" ಅಂದರು. ರೆಕ್ಸಿನ್ ಬಿಚ್ಚಿದರೆ ತೆಂಗಿನ ನಾರು ಪುಡಿಪುಡಿಯಾಗಿ ಉದುರಿತು. ಕೆಳಗೆ ಎರಡು ಸ್ಪ್ರಿಂಗ್ ಮುರಿದಿದ್ದವು, ಯಾರೋ ಯಾವಾಗಲೋ ಸೈಕಲ್ ಟ್ಯೂಬ್ ಪಟ್ಟಿಯಲ್ಲಿ ಕಟ್ಟಿದ್ದರು. ಅಪ್ಪ ಅಷ್ಟು ವರ್ಷ ಕೂತ ಜಾಗ ಅದು.

ಮುರಿದ ಸ್ಪ್ರಿಂಗ್ ಬದಲಾಯಿಸಿ, ಗೋಣಿ ತಾಟು, ಹೊಸ ನಾರು, ಮೇಲೆ ಗಟ್ಟಿ ಫೋಮ್ ಕೊಟ್ಟು ನನ್ನ ಕಡೆ ಮಾತ್ರ ಎತ್ತರಿಸಿದರು. ನನ್ನನ್ನು ಕೂರಿಸಿ ಮಂಡಿ ಮಡಚುವ ಕಡೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಂದ ಮುಂದಕ್ಕೆ ಅಂಚನ್ನು ಇಳಿಜಾರು ಮಾಡಿದರು. ಇದರಿಂದಲೇ ಕಾಲು ಸಲೀಸಾಗಿ ಕೆಳಗಿಳಿಯುತ್ತದೆ, ತೊಡೆಗೆ ಸೀಟು ಒತ್ತುವುದಿಲ್ಲ. ಇನ್ನು ಪೆಡಲ್ ದೂರ. ಅದಕ್ಕೆ ಬೆನ್ನಿಗೆ 2 ಇಂಚಿನ ಪ್ಯಾಡು, ಸೀಟಿನ ಹಿಂದೆ ಬೆಲ್ಟಿನಿಂದ ಬಿಗಿಯುವಂಥದ್ದು. ನಾನು ಮುಂದೆ ಬರುತ್ತೇನೆ, ಮನೆಯವರು ಇದ್ದಲ್ಲೇ ಇರುತ್ತಾರೆ. ಅವರು ಓಡಿಸುವಾಗ ಪ್ಯಾಡು ತೆಗೆದು ಸೀಟು ಪೂರ್ತಿ ಹಿಂದಕ್ಕೆ. ರೆಕ್ಸಿನ್ ಹಳೆಯದೇ ಉಳಿಸಿಕೊಂಡಿದ್ದರಿಂದ ಒಟ್ಟು 4,500 ರೂಪಾಯಿ.

ದುಡ್ಡು ಜಾಸ್ತಿ ಹೌದು, ಮೂರು ದಿನ ಗಾಡಿಯೂ ಇರಲಿಲ್ಲ. ನಾನು ಓಡಿಸುವುದು ಭಾನುವಾರ ಮಾತ್ರ, ತೀರಾ ದೂರವಾದರೆ ಶ್ರೀರಂಗಪಟ್ಟಣ, ನಂಜನಗೂಡು. ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಬೆನ್ನಿನ ಪ್ಯಾಡು ಇನ್ನೂ ಗಟ್ಟಿಯದೇ ಬೇಕಾಗಬಹುದು. ಹೋದ ವಾರ ಅದೇ ಬೆಟ್ಟ ಹತ್ತಿದೆ. ಅದೇ ತಿರುವಿನಲ್ಲಿ ಕ್ಲಚ್ ತಳ ಮುಟ್ಟಿತು, ಸೆಕೆಂಡ್ ಗೇರು ಸದ್ದಿಲ್ಲದೆ ಬಿತ್ತು.