ಚೀನಾದ ಶಿಯಾನ್‌ನಲ್ಲಿ ಒಂದೇ ದಿನ ಇದ್ದರೆ: ಮಣ್ಣಿನ ಸೈನ್ಯವೋ, ಹಾನ್ ಯಾಂಗ್‌ಲಿಂಗ್‌ವೋ?

ಮೊದಲ ಭೇಟಿಯಾದರೆ ಮಣ್ಣಿನ ಸೈನ್ಯವನ್ನೇ (ಟೆರಾಕೋಟಾ ಆರ್ಮಿ), ಅಂದರೆ ಚೀನಾದ ಮೊದಲ ಸಾಮ್ರಾಟನ ಸಮಾಧಿಯ ಕಾವಲಿಗೆಂದು ಹೂಳಿದ ಮಣ್ಣಿನ ಯೋಧರನ್ನೇ ನೋಡಿ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಈ ತಾಣ ನಗರದ ಪೂರ್ವಕ್ಕೆ, ಲಿನ್‌ಟಾಂಗ್‌ನಲ್ಲಿದೆ. ಆಳೆತ್ತರದ ಯೋಧರು ಸಾಲುಸಾಲಾಗಿ ನಿಂತಿರುವ ಒಂದನೇ ಉತ್ಖನನ ಗುಂಡಿಯ ಉದ್ದ ಸುಮಾರು 230 ಮೀಟರ್. ನೋಡುವುದು ಮೇಲಿನ ಕಟಕಟೆಯಿಂದ, ಅದೂ ನೂಕುನುಗ್ಗಲಿನಲ್ಲಿ. ಮುಖಭಾವ ಕಾಣಬೇಕೆಂದರೆ ಬೈನಾಕ್ಯುಲರ್ ಬೇಕು. ಚಿಕ್ಕದಾದ ಮೂರನೇ ಗುಂಡಿಯಿಂದ ಶುರುಮಾಡಿ ಒಂದನೆಯದನ್ನು ಕೊನೆಗಿಟ್ಟುಕೊಂಡರೆ ಬೆರಗು ಏರುತ್ತಾ ಹೋಗುತ್ತದೆ. ಸಾಮ್ರಾಟನ ಸಮಾಧಿಯ ಬಳಿ ಸಿಕ್ಕ ಕಂಚಿನ ರಥಗಳು ಈ ಗುಂಡಿಗಳ ಬಳಿ ಇಲ್ಲ, ಸಮಾಧಿ ಇರುವ ಲಿಶಾನ್ ಉದ್ಯಾನದಲ್ಲಿವೆ. ಇದು ತಿಳಿಯದೆ ಎಷ್ಟೋ ಜನ ಅವನ್ನು ನೋಡದೆಯೇ ಮರಳುತ್ತಾರೆ. ಟಿಕೆಟ್ ಪಾಸ್‌ಪೋರ್ಟ್ ಹೆಸರಿಗೇ ಆಗುವುದರಿಂದ ಮುಂಗಡ ಕಾದಿರಿಸಿ, ಮೂಲ ಪಾಸ್‌ಪೋರ್ಟನ್ನೇ ಒಯ್ಯಿರಿ. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆ, ಆಗ ಬೇಡ.

ಗದ್ದಲ ಸಹಿಸದವರಿಗೆ, ಮಕ್ಕಳಿದ್ದವರಿಗೆ ಯಾಂಗ್‌ಲಿಂಗ್ ಮೇಲು. ಇದು ಕ್ರಿ.ಪೂ. 141ರಲ್ಲಿ ತೀರಿಕೊಂಡ ಹಾನ್ ವಂಶದ ಸಾಮ್ರಾಟ ಜಿಂಗ್‌ನ ಸಮಾಧಿ. ವಿಮಾನ ನಿಲ್ದಾಣದ ದಿಕ್ಕಿನಲ್ಲಿದೆ. ನೆಲದಡಿಯ ಮ್ಯೂಸಿಯಂನಲ್ಲಿ ಗಾಜಿನ ಮೇಲೆ ನಡೆಯುತ್ತಾ, ಕಾಲಡಿಯಲ್ಲೇ ಗುಂಡಿಗಳನ್ನು ನೋಡಬಹುದು. ಗೊಂಬೆಗಳು ಸುಮಾರು 60 ಸೆಂಟಿಮೀಟರ್ ಎತ್ತರದವು, ಬೆತ್ತಲೆ, ಕೈಗಳಿಲ್ಲ: ಮರದ ತೋಳುಗಳೂ ಬಟ್ಟೆಯೂ ಮಣ್ಣಲ್ಲಿ ಕರಗಿಹೋಗಿವೆ. ಜೊತೆಗೆ ಹಂದಿ, ನಾಯಿ, ಕುರಿಗಳ ಹಿಂಡೇ ಇದೆ. ಮಂದ ಬೆಳಕು, ಗಾಜಿನ ಪ್ರತಿಫಲನದಿಂದಾಗಿ ಫೋಟೊ ಚೆನ್ನಾಗಿ ಬರುವುದಿಲ್ಲ.